ಹಿಂದಿನ ಸಿಲಿಂಡರಿನ ಬಳೆ

ಎಂಜಿನ್ನು ಗಾಳಿ ಎಳೆಯುವುದು ಕಣ್ಣಿಗೆ ಕಾಣುವ ರೋಗವಲ್ಲ. ಎಣ್ಣೆ ಸೋರಿದರೆ ನೆಲದ ಮೇಲೆ ಕಲೆ ಬೀಳುತ್ತದೆ. ಪೆಟ್ರೋಲು ಸೋರಿದರೆ ವಾಸನೆ ಬರುತ್ತದೆ. ಬೇಡದ ಕಡೆಯಿಂದ ಗಾಳಿ ಒಳಗೆ ನುಗ್ಗಿದರೆ ಏನೂ ಕಾಣುವುದಿಲ್ಲ. ನಿಂತಲ್ಲೇ ಓಡುವಾಗ ಎಂಜಿನ್ನಿನ ಸದ್ದು ಒಮ್ಮೆ ಏರಿ ಒಮ್ಮೆ ಇಳಿಯುತ್ತದೆ, ಕಾರ್ಬುರೇಟರಿನ ಬಾಯಿಂದ ಸೀನಿದ ಹಾಗೆ ಶಬ್ದ ಬರುತ್ತದೆ, ಸ್ವಲ್ಪ ದೂರ ಹೋದ ಮೇಲೆ ಸಿಲಿಂಡರು ಕಾದು ಗಾಡಿ ಸೋತುಬಿಡುತ್ತದೆ. ನಮ್ಮಣ್ಣ ತಂದ ಮೋಟಾರ್ ಸೈಕಲ್ಲಿಗೆ ಇದ್ದದ್ದು ಈ ರೋಗ. ಎರಡು ಹಿತ್ತಾಳೆ ಬಳೆ ಬದಲಾಯಿಸಿದ್ದರೆ ವಾಸಿಯಾಗುತ್ತಿತ್ತು. ಅಷ್ಟು ಸಣ್ಣ ಕೆಲಸ ನನ್ನ ಕೈಯಲ್ಲಿ ಅಷ್ಟು ದಿನ ಯಾಕೆ ಎಳೆಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಬರವಣಿಗೆಯಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಬೇಕು.

ಲಡಾಯಿ ಮುಗಿದ ಮರುವರ್ಷ, ರಾಗಿ ಕೊಯ್ಲು ಶುರುವಾಗುವ ಕಾಲ. ದೊಡ್ಡಬಳ್ಳಾಪುರದಲ್ಲಿ ನೇಯ್ಗೆಯವರ ಬೀದಿಯ ತುದಿಗೆ ನನ್ನ ಸೈಕಲ್ ರಿಪೇರಿ ಅಂಗಡಿ ಇತ್ತು. ಅಂಗಡಿಯ ಹಿಂದೆಯೇ ಮನೆ. ಅಪ್ಪ ನಾವು ಚಿಕ್ಕವರಿದ್ದಾಗಲೇ ಹೋಗಿದ್ದರು. ಅಮ್ಮ ಹೋದಾಗ ಅಣ್ಣ ಮಿಲಿಟರಿಯಲ್ಲಿದ್ದ. ಬರ್ಮಾ ಗಡಿಯ ಕಡೆ ಒಂದು ಠಾಣೆಯಿಂದ ಇನ್ನೊಂದು ಠಾಣೆಗೆ ಕಾಗದ ಹೊತ್ತು ಮೋಟಾರ್ ಸೈಕಲ್ ಓಡಿಸುವ ಕೆಲಸ. ಅಮ್ಮನ ಸುದ್ದಿ ಅವನಿಗೆ ತಲುಪುವಷ್ಟರಲ್ಲಿ ವೈಕುಂಠ ಸಮಾರಾಧನೆಯೂ ಮುಗಿದಿತ್ತು. ಆಮೇಲೆ ಆ ಮನೆಯಲ್ಲಿ ನಾನೊಬ್ಬನೇ ಇದ್ದೆ. ಅಂಗಡಿಯ ಬಾಗಿಲನ್ನು ಬೇಗ ತೆಗೆದು ತಡವಾಗಿ ಹಾಕುತ್ತಿದ್ದೆ. ಗಿರಾಕಿಗಳಿಗಾಗಿ ಅಲ್ಲ. ಬೀದಿಯಲ್ಲಿ ಮಗ್ಗದ ಸದ್ದು ಇರುತ್ತಿತ್ತು, ಯಾರಾದರೂ ಮಾತಾಡಿಕೊಂಡು ಹೋಗುತ್ತಿದ್ದರು.

ಮಿಲಿಟರಿಯಿಂದ ಬಿಡುಗಡೆಯಾಗಿ ಬಂದ ಅಣ್ಣ ಕೈಗೆ ಬಂದ ಹಣವನ್ನೆಲ್ಲ ಹಾಕಿ ಬೆಂಗಳೂರಿನ ದಂಡಿನಲ್ಲಿ ಹರಾಜಾಗುತ್ತಿದ್ದ ಒಂದು ಮೋಟಾರ್ ಸೈಕಲ್ ಕೊಂಡ. ಅವನಿಗೆ ಸಂಡೂರಿನ ಕಡೆ ಒಂದು ಗಣಿಯಲ್ಲಿ ಕೆಲಸ ಗೊತ್ತಾಗಿತ್ತು. ಬೆಟ್ಟದ ಮೇಲಿನ ಗಣಿಗೂ ಕೆಳಗಿನ ರೈಲು ಸ್ಟೇಷನ್ನಿಗೂ ಟಪಾಲು ಒಯ್ಯುವುದು. ಸ್ವಂತ ಗಾಡಿ ಇದ್ದವನಿಗೆ ಮಾತ್ರ ಆ ಕೆಲಸ, ಮುಂದಿನ ತಿಂಗಳ ಮೊದಲ ತಾರೀಕಿಗೆ ಗಾಡಿಯ ಸಮೇತ ಹಾಜರಿರಬೇಕು ಎಂದು ಅವರು ಹೇಳಿದ್ದರು.

ಅವನು ಬಂದ ದಿನ ನಾನು ಅಂಗಡಿಯ ಮುಂದೆ ಒಂದು ಚಕ್ರದ ಡೊಂಕು ತೆಗೆಯುತ್ತಿದ್ದೆ. ಬೆವರಿನಲ್ಲಿ ನೆಂದು, ಬೆಳೆದ ಹೋರಿಯಷ್ಟು ಭಾರದ ಗಾಡಿಯನ್ನು ತಳ್ಳುತ್ತ ಬಂದ.

"ತಳ್ಕೊಂಡು ಬಂದ್ಯಾ ಅಣ್ಣ?"

"ಇಲ್ಲ ಕಣ್ಲಾ, ಅದೇ ನನ್ನ ತಳ್ಕೊಂಡು ಬಂತು. ಮೊದ್ಲು ನೀರು ಕೊಡು."

ಮಾರಸಂದ್ರ ದಾಟಿದ ಮೇಲೆ ಗಾಡಿ ಸೀನತೊಡಗಿ ನಿಂತುಹೋಗಿತ್ತಂತೆ. ನೀರು ಕುಡಿದು ಅಲ್ಲೇ ಕುಕ್ಕರಗಾಲಲ್ಲಿ ಕೂತು ಎಂಜಿನ್ನು ತೋರಿಸಿದ. ನಾನು ಅದುವರೆಗೆ ಅಂಥದ್ದನ್ನು ಹತ್ತಿರದಿಂದ ನೋಡಿರಲಿಲ್ಲ. ಅಮೆರಿಕದವರು ಮಾಡಿದ್ದು. ಎರಡು ಸಿಲಿಂಡರುಗಳು ಮರದ ಕವೆಯ ಹಾಗೆ ಒಂದು ಮುಂದಕ್ಕೆ, ಒಂದು ಹಿಂದಕ್ಕೆ ಬಾಗಿವೆ. ಆ ಕವೆಯ ಸಂದಿನಲ್ಲಿ ಒಂದು ಗಿಡ್ಡ ಕೊಳವೆ. ಅದರ ಹೊಟ್ಟೆಗೆ ಕಾರ್ಬುರೇಟರು ನೇತುಬಿದ್ದಿರುತ್ತದೆ, ಎರಡು ತುದಿಗಳು ಎರಡು ಸಿಲಿಂಡರಿಗೆ ಸೇರುತ್ತವೆ. ಕಾರ್ಬುರೇಟರಿನಲ್ಲಿ ಬೆರೆತ ಗಾಳಿ ಪೆಟ್ರೋಲು ಈ ಕೊಳವೆಯಲ್ಲಿ ಕವಲೊಡೆದು ಎರಡೂ ಕಡೆಗೆ ಹೋಗಬೇಕು. ಮಿಲಿಟರಿಯಲ್ಲಿ ಅದನ್ನು ಮ್ಯಾನಿಫೋಲ್ಡ್ ಎನ್ನುತ್ತಿದ್ದರಂತೆ. ಕೊಳವೆಯ ಎರಡು ತುದಿಗೂ ಅಂಗೈಯಗಲದ ಒಂದೊಂದು ನಟ್ಟು, ನಟ್ಟಿನೊಳಗೆ ಒಂದೊಂದು ಹಿತ್ತಾಳೆ ಬಳೆ. ನಟ್ಟನ್ನು ಬಿಗಿದಂತೆ ಬಳೆ ಹಿಸುಕಿಕೊಂಡು ಸಂದು ಮುಚ್ಚುತ್ತದೆ.

ಅಣ್ಣ ಗಾಡಿಯನ್ನು ಒದ್ದು ಶುರು ಮಾಡಿದ. ಎಂಜಿನ್ನು ಏರಿಳಿಯುತ್ತ ಓಡುತ್ತಿರುವಾಗ ನನ್ನ ಎಣ್ಣೆ ಡಬ್ಬಿಯನ್ನು ಇಸಕೊಂಡು ಮುಂದಿನ ನಟ್ಟಿನ ಸುತ್ತ ಎಣ್ಣೆ ಬಿಟ್ಟ. ಸದ್ದಿನಲ್ಲಿ ಸ್ವಲ್ಪ ವ್ಯತ್ಯಾಸ. ಹಿಂದಿನ ನಟ್ಟಿನ ಸುತ್ತ ಬಿಟ್ಟ. ಎಣ್ಣೆ ಸಂದನ್ನು ತುಂಬಿದೊಡನೆ ಏರಿಳಿತ ನಿಂತು ಎಂಜಿನ್ನು ಸಮಕ್ಕೆ ಬಂತು. ಒಂದು ಕ್ಷಣ ಬಿಟ್ಟು ಎಣ್ಣೆ ಒಳಗೆ ಹೋಗಿ, ಹಿಂದೆ ಹೊಗೆ ಬಿಡುವ ಕೊಳವೆಯಲ್ಲಿ ಬಿಳಿ ಹೊಗೆ ಬಂತು, ಮತ್ತೆ ಮೊದಲಿನ ಹಾಗೇ ಆಯಿತು.

"ಕೇಳಿಸ್ತಾ? ಎರಡು ಕಡೆನೂ ಗಾಳಿ ಕುಡೀತಾ ಐತೆ. ಹಿಂದ್ಲದ್ದು ಜಾಸ್ತಿ. ಬಳೆ ಹಾಕ್ಬಿಟ್ರೆ ಆಯ್ತು. ಸೈಕಲ್ ಡಾಕ್ಟ್ರ ಹತ್ರ ಐತೇನು?"

"ಸೈಕಲ್ಲಿಗೆ ಬಳೆ ತೊಡಸಲ್ಲ."

"ಹಂಗಾದ್ರೆ ನೀನೇ ಏನಾರಾ ಮಾಡು. ನಾನು ಓಡಿಸಿ ಗೊತ್ತೇ ಹೊರತು ಮಾಡಿ ಗೊತ್ತಿಲ್ಲ."

ಈ ಮಾತು ನನ್ನನ್ನು ಎಷ್ಟು ಹಿಗ್ಗಿಸಿತು ಎಂದು ಹೇಳಲಾರೆ. ಹುಟ್ಟಿದಾಗಿನಿಂದ ಅವನು ಮುಂದೆ, ನಾನು ಹಿಂದೆ. ಅವನಿಗೆ ಗೊತ್ತಿಲ್ಲದ್ದನ್ನು ನಾನು ಮಾಡಬಹುದು ಎಂದು ಅವನ ಬಾಯಿಂದ ಬಂದದ್ದು ಅದೇ ಮೊದಲು.

ಮೊದಲ ತೊಡಕು ನಟ್ಟು ಬಿಚ್ಚುವ ಪಾನಾದ್ದು. ಎರಡು ಸಿಲಿಂಡರುಗಳ ನಡುವೆ ಕೈ ತೂರುವಷ್ಟೇ ಜಾಗ. ಸಾಮಾನ್ಯ ಪಾನಾ ಅಲ್ಲಿ ಇಳಿಯುವುದೇ ಇಲ್ಲ. ಕುಲುಮೆಯವರಿಂದ ಒಂದು ಹಳೆಯ ಲಾರಿ ಸ್ಪ್ರಿಂಗಿನ ತುಂಡು ತಂದು, ಕಾಯಿಸಿ ಬಾಯಿ ಬಿಡಿಸಿದೆ. ಆಮೇಲೆ ಅರದಿಂದ ಉಜ್ಜಿ ಉಜ್ಜಿ ರೊಟ್ಟಿಯ ಹಾಗೆ ತೆಳ್ಳಗೆ ಮಾಡಿದೆ. ತೀರ ತೆಳ್ಳಗಾದರೆ ಬಾಯಿ ಅಗಲಿಸಿಕೊಳ್ಳುತ್ತದೆ, ದಪ್ಪ ಉಳಿದರೆ ಸಂದಿಗೆ ಹೋಗುವುದಿಲ್ಲ. ಉಜ್ಜುವುದು, ಗಾಡಿಗೆ ಹಾಕಿ ನೋಡುವುದು, ಮತ್ತೆ ಉಜ್ಜುವುದು. ನಟ್ಟು ಬಿಚ್ಚಿದಾಗ ಒಳಗಿನ ಬಳೆಗಳು ಸವೆದು ಪದರ ಎದ್ದಿದ್ದವು.

ಹೊಸ ಬಳೆ ಬೇಕೆಂದರೆ ಬೆಂಗಳೂರಿಗೆ ಹೋಗಿ ಲೇತಿನಲ್ಲಿ ಕಡೆಸಬೇಕು. ಆಗ ಹಿತ್ತಾಳೆ ಸಿಗುವುದೇ ಕಷ್ಟವಾಗಿತ್ತು. ನಾನು ಸೈಕಲ್ಲಿನವನು, ನನ್ನ ಕೈ ಮೊದಲು ಹೋಗುವುದೇ ಟ್ಯೂಬಿನ ಕಡೆಗೆ. ಪಂಕ್ಚರಿಗೂ ಟ್ಯೂಬು, ಪೆಡಲು ಅಲುಗಾಡಿದರೂ ಟ್ಯೂಬು, ಅಮ್ಮ ಇದ್ದಾಗ ಮನೆಯ ಕೊಡದ ಮುಚ್ಚಳಕ್ಕೂ ಟ್ಯೂಬಿನ ಪಟ್ಟಿಯನ್ನೇ ಹಾಕಿಕೊಟ್ಟಿದ್ದೆ. ಹಳೆಯ ಬಳೆಗಳ ಮೇಲೆಯೇ ರಬ್ಬರಿನ ಉಂಗುರ ಕತ್ತರಿಸಿ ಕೂರಿಸಿ ನಟ್ಟು ಬಿಗಿದೆ. ಎಂಜಿನ್ನು ಅವತ್ತು ಮಗ್ಗದ ಲಾಳಿಯ ಹಾಗೆ ಸಮವಾಗಿ ಓಡಿತು. ಅಣ್ಣ ನನ್ನ ಬೆನ್ನು ತಟ್ಟಿದ.

ಮರುದಿನ ಗಾಡಿ ಸ್ಟಾರ್ಟ್ ಆಗಲೇ ಇಲ್ಲ. ಬಿಚ್ಚಿ ನೋಡಿದರೆ ರಬ್ಬರು ಊದಿ, ಬೆಲ್ಲದ ಪಾಕದ ಹಾಗೆ ಕೈಗೆ ಅಂಟಿತು. ಪೆಟ್ರೋಲು ರಬ್ಬರನ್ನು ತಿನ್ನುತ್ತದೆ ಎಂದು ನನಗೆ ಹೊಳೆದಿರಲಿಲ್ಲ. ರಬ್ಬರನ್ನು ಪೆಟ್ರೋಲಿನಲ್ಲಿ ಕರಗಿಸಿ ಮಾಡಿದ ಸೊಲ್ಯೂಷನ್ ದಿನಾ ಟ್ಯೂಬಿಗೆ ಹಚ್ಚುವವನಿಗೆ ಅದು ಹೊಳೆಯಬೇಕಿತ್ತು.

ಎದುರುಮನೆಯ ಅಜ್ಜಿ ಜಗಲಿಯ ಮೇಲೆ ಕೂತು ರೇಷ್ಮೆ ದಾರ ಸುತ್ತುತ್ತಿದ್ದರು. ಅಣ್ಣ ಗಾಡಿಗೆ ಒದೆಯುವುದು, ಅದು ತಿರುಗಿ ಅವನ ಕಾಲಿಗೆ ಒದೆಯುವುದು, ಎಲ್ಲವನ್ನೂ ನೋಡುತ್ತಿದ್ದರು.

"ಏನ್ರೋ, ಆ ಕಬ್ಬಿಣದ ಎಮ್ಮೆ ಹಾಲು ಕೊಡ್ತದೋ, ಬರೀ ಒದೀತದೋ?"

"ಕಟ್ಟೋಕೆ ನಿಮ್ಮನೆ ದಾರ ಕೊಡಜ್ಜಿ, ಆಮೇಲೆ ಹಾಲು ಕರೀತೀವಿ" ಎಂದ ಅಣ್ಣ.

ಅವನು ತಮಾಷೆಗೆ ಹೇಳಿದ್ದು. ನನಗೆ ಅದೇ ಉಪಾಯವಾಯಿತು. ಅಜ್ಜಿಯಿಂದ ರೇಷ್ಮೆಯ ತ್ಯಾಜ್ಯ ನೂಲನ್ನು ಇಸಕೊಂಡೆ. ಬಸ್ ಸ್ಟ್ಯಾಂಡಿನ ಹತ್ತಿರ ಕುರ್ಚಿ ಮೇಜಿಗೆ ಪಾಲಿಶ್ ಹಾಕುವ ಸಾಬರಿದ್ದರು. ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿ ಹಚ್ಚುತ್ತಿದ್ದರು. ಪೆಟ್ರೋಲು ಬಿದ್ದರೆ ಪಾಲಿಶ್ ಎದ್ದುಹೋಗುತ್ತದೆಯೇ ಎಂದು ಕೇಳಿದೆ.

"ಸ್ಪಿರಿಟ್ ಬಿದ್ರೆ ಹೋಗ್ತದಪ್ಪಾ. ಪೆಟ್ರೋಲಿಗೆ ಹೋಗಾಕಿಲ್ಲ. ಆದ್ರೆ ಒಣಗೋಕೆ ಬಿಡ್ಬೇಕು. ಅರ್ಜೆಂಟ್ ಮಾಡಿದ್ರೆ ಅದು ನಿಮ್ಮಾತು ಕೇಳಾಕಿಲ್ಲ" ಎಂದು ಅರ್ಧ ಶೀಶೆ ಕೊಟ್ಟರು.

ರೇಷ್ಮೆ ನೂಲನ್ನು ಅರಗಿನಲ್ಲಿ ನೆನೆಸಿ ಬಳೆಯ ಮೇಲೆ ಎಳೆಗೆ ಎಳೆ ಒತ್ತಿ ಸುತ್ತಿದೆ. ಕೊಳವೆಯನ್ನು ಕೂರಿಸುವ ಕ್ರಮವನ್ನು ಅಣ್ಣ ನೆನಪು ಮಾಡಿಕೊಂಡು ಹೇಳಿದ. ಒಂದು ಕಡೆ ಪೂರ್ತಿ ಬಿಗಿದು ಆಮೇಲೆ ಇನ್ನೊಂದು ಕಡೆಗೆ ಹೋಗಬಾರದು. ಎರಡೂ ನಟ್ಟುಗಳನ್ನು ಕೈಯಲ್ಲೇ ಓಡಿಸಿ, ಕೊಳವೆ ಎರಡು ಸಿಲಿಂಡರಿನ ನಡುವೆ ತಾನಾಗಿ ನೆಟ್ಟಗೆ ನಿಲ್ಲಲು ಬಿಡಬೇಕು. ಆಮೇಲೆ ಮುಂದಿನದು ಸ್ವಲ್ಪ, ಹಿಂದಿನದು ಸ್ವಲ್ಪ, ಹೀಗೆ. ಒಂದು ಸಾರಿ ಕಾದು ತಣಿದ ಮೇಲೆ ಮತ್ತೆ ಎಳೆಯಬೇಕು. ಅವನು ಹೇಳಿದ, ನಾನು ಮಾಡಿದೆ. ಪೂರ್ತಿ ಒಣಗುವವರೆಗೆ ಗಾಡಿ ಮುಟ್ಟಲಿಲ್ಲ.

ಆ ಸಾರಿ ಇಬ್ಬರೂ ತೂಬಗೆರೆಯವರೆಗೆ ಹೋದೆವು. ಹೋಗುವಾಗ ಗಾಳಿಯಲ್ಲಿ ತೇಲಿದ ಹಾಗಿತ್ತು. ಹೊಲಗಳಲ್ಲಿ ರಾಗಿ ತೆನೆ ಕೊಯ್ಯುತ್ತಿದ್ದವರು ತಲೆ ಎತ್ತಿ ನೋಡುತ್ತಿದ್ದರು. ತೂಬಗೆರೆಯಲ್ಲಿ ಟೀ ಕುಡಿದು ತಿರುಗಿದೆವು. ಅರ್ಧ ದಾರಿಗೆ ಸೀನು ಶುರುವಾಯಿತು. ತಣ್ಣಗಿದ್ದಾಗ ಹಿಡಿದುಕೊಂಡದ್ದು ಕಾದ ಮೇಲೆ ಬಿಟ್ಟುಕೊಟ್ಟಿತ್ತು. ಮತ್ತೆ ತಳ್ಳಿದೆವು. ತಳ್ಳುತ್ತ ಅವನು ಅಮ್ಮನ ಕಡೆಯ ದಿನಗಳನ್ನು ಕೇಳಿದ. ಆಗಲೇ ಬಿಡುಗಡೆಯಾಗಿ ಬಂದು ಎಷ್ಟೋ ದಿನವಾಗಿದ್ದರೂ ಅದುವರೆಗೆ ಕೇಳಿರಲಿಲ್ಲ. ನಾನು ಹೇಳಿದೆ. ಗಾಡಿಯ ಎರಡು ಪಕ್ಕದಲ್ಲಿ ಇಬ್ಬರು, ಮುಖ ನೋಡುವ ಅಗತ್ಯವಿರಲಿಲ್ಲ. ಆ ದಾರಿ ಇನ್ನೂ ಉದ್ದ ಇದ್ದಿದ್ದರೆ ಎನ್ನಿಸಿತು.

ಮರುದಿನ ಅಣ್ಣ ಪೆಟ್ರೋಲ್ ರೇಷನ್ ಕೂಪನ್ನಿಗೆಂದು ಬೆಂಗಳೂರಿಗೆ ಬಸ್ಸಿನಲ್ಲಿ ಹೋದ. ನಾನು ಒಬ್ಬನೇ ಕೂತು ಬಳೆಗಳನ್ನು ಬಿಚ್ಚಿ, ನೂಲು ತೆಗೆದು, ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿದೆ. ಮುಂದಿನ ಬಳೆ ಸವೆದಿತ್ತು, ಆದರೆ ಗಟ್ಟಿಯಾಗಿತ್ತು. ಹಿಂದಿನದನ್ನು ಸುಮ್ಮನೆ ಬೆರಳುಗಳ ನಡುವೆ ಹಿಸುಕಿದೆ. ಒರೆಸಿ ಒಣಗಿಸಿದ ಹಿತ್ತಾಳೆಯ ಮೇಲೆ ಕೂದಲಿನಷ್ಟು ಸಣ್ಣಗೆ ಸೀಮೆಎಣ್ಣೆ ಒಸರಿತು. ಮತ್ತೆ ಒರೆಸಿ, ಗೋಡೆಯ ಸುಣ್ಣ ಕೆರೆದು ಆ ಪುಡಿಯನ್ನು ಬಳೆಗೆ ಸವರಿ ಹಿಸುಕಿದೆ. ಬಿಳಿ ಸುಣ್ಣದ ಮೇಲೆ ಒಂದು ಒದ್ದೆ ಗೆರೆ ಅಡ್ಡಕ್ಕೆ ಮೂಡಿತು. ಬಳೆ ಸೀಳಿತ್ತು. ತಣ್ಣಗಿರುವಾಗ ಸೀಳು ಮುಚ್ಚಿಕೊಂಡಿರುತ್ತದೆ, ಕಾದಾಗ ತೆರೆದುಕೊಳ್ಳುತ್ತದೆ. ಮೇಲೆ ಎಷ್ಟು ನೂಲು ಸುತ್ತಿದರೂ ಅಷ್ಟೇ. ಹೊಸ ಬಳೆ ಕಡೆಸಿದರೆ ಮಾರನೆಯ ದಿನವೇ ಗಾಡಿ ಸರಿಹೋಗುತ್ತಿತ್ತು.

ಸರಿಹೋದರೆ ಅಣ್ಣ ಹೊರಡುತ್ತಾನೆ.

ಇದು ನನ್ನ ತಲೆಗೆ ಬಂದದ್ದು ಆ ಕ್ಷಣದಲ್ಲೇ, ಸುಣ್ಣ ಅಂಟಿದ ಬೆರಳು ನೋಡುತ್ತಿದ್ದಾಗ. ಅವನು ಬಂದ ಮೇಲೆ ಮನೆಯಲ್ಲಿ ಎರಡು ತಟ್ಟೆ ಇಡುತ್ತಿದ್ದೆ. ಬೆಳಗ್ಗೆ ಅವನು ಕೆಮ್ಮಿದರೆ ನನಗೆ ಎಚ್ಚರವಾಗುತ್ತಿತ್ತು. ನಾನು ಯೋಚನೆ ಮಾಡಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಯೋಚನೆ ಮಾಡಿದ್ದರೆ ಬಹುಶಃ ಹಾಗೆ ಮಾಡುತ್ತಿರಲಿಲ್ಲ. ಹೊಸ ನೂಲನ್ನು ಅರಗಿನಲ್ಲಿ ಅದ್ದಿ ಆ ಬಳೆಗೆ ಮತ್ತೆ ಸುತ್ತಿದೆ. ಮೊದಲಿಗಿಂತ ಒತ್ತಾಗಿ, ಅಂದವಾಗಿ ಸುತ್ತಿದೆ. ಈ ಸಲ ಸುತ್ತಿದ್ದು ಗಾಳಿ ಹೋಗದಿರಲಿ ಎಂದಲ್ಲ, ಗೆರೆ ಕಾಣದಿರಲಿ ಎಂದು.

ಬಸ್ಸಿನ ಧೂಳು ಹೊತ್ತು ಬಂದ ಅಣ್ಣ ಕೇಳಿದ: "ಏನಾರಾ ಗೊತ್ತಾಯ್ತಾ?"

"ಇಲ್ಲ. ಬಳೆ ಸವೆದಿದ್ರೂ ಗಟ್ಟಿಯಾಗೇ ಐತೆ. ಬೇರೆ ಏನೋ ಇರಬೇಕು."

ಅವನು ನಂಬಿದ. ನಂಬದಿರಲು ಅವನಿಗೆ ಕಾರಣವಿರಲಿಲ್ಲ.

ಆಮೇಲಿನ ದಿನಗಳಲ್ಲಿ ನಾವು ಆ ಎಂಜಿನ್ನಿನಲ್ಲಿ ಇಲ್ಲದ ರೋಗಗಳನ್ನೆಲ್ಲ ಹುಡುಕಿದೆವು. ಕಾರ್ಬುರೇಟರಿನ ಹೊಟ್ಟೆ ಬಿಚ್ಚಿ ಸಣ್ಣ ತೂತುಗಳಿಗೆ ಕುದುರೆ ಬಾಲದ ಕೂದಲು ಹಾಕಿ ಎಳೆದೆವು. ವಾಲ್ವುಗಳನ್ನು ತೆಗೆದು ಮಸೆದೆವು. ಪ್ಲಗ್ಗು ಸುಟ್ಟು ಬಿಳಿಯಾಗಿರುವುದನ್ನು ಅಣ್ಣ ಬೆಳಕಿಗೆ ಹಿಡಿದು ನೋಡುತ್ತ, "ಇದು ಗಾಳಿನೇ ಕಣ್ಲಾ, ಬೇರೆ ಅಲ್ಲ" ಎನ್ನುತ್ತಿದ್ದ. ನಾನು ಬೇರೆ ಏನನ್ನಾದರೂ ತೋರಿಸುತ್ತಿದ್ದೆ. ಮ್ಯಾನಿಫೋಲ್ಡಿನ ನಟ್ಟು ಬಿಚ್ಚುವ ಸರದಿ ಬಂದಾಗಲೆಲ್ಲ, "ಅದರ ಪಾನಾ ನನ್ನ ಕೈಗೇ ಒಗ್ಗಿರೋದು, ನೀನು ಆ ಕಡೆ ನೋಡು" ಎಂದು ನಾನೇ ಬಿಚ್ಚುತ್ತಿದ್ದೆ, ನಾನೇ ನೂಲು ಸುತ್ತುತ್ತಿದ್ದೆ.

ನನ್ನ ಬದುಕಿನ ಒಳ್ಳೆಯ ದಿನಗಳು ಅವು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಮಧ್ಯಾಹ್ನ ಮುದ್ದೆ ಉಂಡು ಅಂಗಡಿಯ ನೆರಳಲ್ಲಿ ಒರಗಿದಾಗ ಅವನು ಮಿಲಿಟರಿಯ ಕಥೆ ಹೇಳುತ್ತಿದ್ದ. ಮೊಣಕಾಲುದ್ದದ ಕೆಸರು, ಅಡುಗೆಯವನು ಅನ್ನಕ್ಕೆ ಸಕ್ಕರೆ ಹಾಕಿ ಒದೆ ತಿಂದದ್ದು, ಕತ್ತಲಲ್ಲಿ ದೀಪವಿಲ್ಲದೆ ಗಾಡಿ ಓಡಿಸಿದ್ದು. ನಾನು ನಗುತ್ತಿದ್ದೆ. ಅವನು ಎದ್ದು ಮತ್ತೆ ಗಾಡಿಯ ಹತ್ತಿರ ಕೂರುತ್ತಿದ್ದ. ನಾನು ಪಾನಾ ಕೊಡುತ್ತಿದ್ದೆ.

ತಾರೀಕು ಹತ್ತಿರವಾದಂತೆ ಅವನ ಮಾತು ಕಮ್ಮಿಯಾಯಿತು. ನನ್ನ ಮೇಲೆ ರೇಗಿದ್ದರೆ ಸಲೀಸಾಗುತ್ತಿತ್ತು. ಅವನು ರೇಗಿದ್ದು ತನ್ನ ಮೇಲೆ.

"ನಿಂದೇನೂ ತಪ್ಪಿಲ್ಲ ಬಿಡೋ. ನಾನೇ ಕಣ್ಮುಚ್ಚಿ ತಗಂಡ್ಬಂದೆ. ನಿನ್ನ ಅಂಗಡಿ ಕೆಲಸನೂ ಕೆಡಿಸ್ದೆ."

"ಹಂಗನ್ಬೇಡಣ್ಣ."

"ಇನ್ನೇನನ್ಲಿ? ಯಾವ ತಮ್ಮನೂ ಇಷ್ಟು ಮಾಡಲ್ಲ."

ಇದೊಂದು ದಿನ ಕಳೆಯಲಿ, ನಾಳೆ ಹೊಸದಾಗಿ ಕಂಡುಹಿಡಿದವನ ಹಾಗೆ ಹೇಳಿದರಾಯಿತು ಎಂದುಕೊಂಡೆ. ನಾಳೆಯೂ ಹಾಗೆಯೇ ಅಂದುಕೊಂಡೆ. ಎದುರುಮನೆಯ ಅಜ್ಜಿಯಿಂದ ಮತ್ತೆ ನೂಲು ತರಲು ಹೋದಾಗ, "ಎಷ್ಟು ಸುತ್ತೀಯೋ ಮಗ, ಒಂದು ಸೀರೆನೇ ನೇಯ್ಬೋದಿತ್ತು" ಎಂದರು. ಅವರು ನಕ್ಕರು. ನಾನು ಅಲ್ಲಿ ನಿಲ್ಲಲಾರದೆ ಬಂದೆ.

ಒಂದು ಬೆಳಗ್ಗೆ ನಾನು ಕುಲುಮೆಯಿಂದ ಬಂದಾಗ ಅಂಗಡಿಯ ಮುಂದೆ ಯಲಹಂಕದ ಗುಜರಿ ವ್ಯಾಪಾರಿ ನಿಂತಿದ್ದ. ಅಣ್ಣ ಹೇಳಿಕಳಿಸಿದ್ದನಂತೆ. ನನಗೆ ಗೊತ್ತಿರಲಿಲ್ಲ. ವ್ಯಾಪಾರಿ ಟೈರಿಗೆ ಕಾಲಲ್ಲಿ ಒತ್ತಿ ನೋಡಿದ.

"ಓಡೋ ಗಾಡಿ ಆಗಿದ್ರೆ ಮಾತೇ ಬೇರೆ ಯಜಮಾನ್ರೇ. ಓಡ್ದಿದ್ದು ಅಂದ್ರೆ ತೂಕಕ್ಕೆ ತಗಳ್ಳೋದು. ಇಲ್ಲಿ ಇಬ್ರು ಮೆಕ್ಯಾನಿಕ್ ಕೂತ್ಕಂಡು ಇಷ್ಟು ದಿನ ಆಗ್ದಿದ್ದು ನನ್ ಕೈಲಾಗ್ತದಾ?"

"ಸರಿ, ತಗಂಡೋಗಿ" ಎಂದ ಅಣ್ಣ.

ಹಾಗೆ ಹೇಳಿ ತೋಳಿನಿಂದ ಪೆಟ್ರೋಲ್ ಟ್ಯಾಂಕಿನ ಧೂಳು ಒರೆಸತೊಡಗಿದ. ಗುಜರಿಗೆ ಹೋಗುವ ಗಾಡಿಯನ್ನು ಯಾಕೆ ಒರೆಸಬೇಕು? ನನಗೆ ಬೇಕಾದದ್ದೇ ಆಗುತ್ತಿತ್ತು. ಗಾಡಿ ಹೋದರೆ ಗಣಿಯ ಕೆಲಸ ಹೋಯಿತು, ಅಣ್ಣ ಎಲ್ಲೂ ಹೋಗುವುದಿಲ್ಲ. ಸುಮ್ಮನೆ ನಿಂತಿದ್ದರೆ ಸಾಕಿತ್ತು. ಅವನು ಟ್ಯಾಂಕನ್ನು ಒರೆಸಿ ಹ್ಯಾಂಡಲಿಗೆ ಬಂದ, ಹ್ಯಾಂಡಲನ್ನು ಒರೆಸಿ ಸೀಟಿಗೆ ಬಂದ. ನನ್ನ ಕೈಯಲ್ಲಿ ನಿಲ್ಲಲು ಆಗಲಿಲ್ಲ.

"ಅಣ್ಣ, ಕೊಡ್ಬೇಡ."

"ಇಟ್ಕಂಡು ಪೂಜೆ ಮಾಡ್ಲಾ?"

"ಹಿಂದ್ಲ ಬಳೆ ಸೀಳೈತೆ. ಅದನ್ನ ಬದಲಾಯಿಸಿದ್ರೆ ಓಡ್ತದೆ."

"ಬಿಚ್ಚಿ ನೋಡ್ದೆ ಹೆಂಗೆ ಹೇಳ್ತೀಯ?"

"ನೋಡೀನಿ."

"ಯಾವಾಗ?"

"ನೀನು ಕೂಪನ್ನಿಗೆ ಬೆಂಗ್ಳೂರಿಗೆ ಹೋಗಿದ್ದ ದಿನ."

ಅವನ ಕೈ ಸೀಟಿನ ಮೇಲೇ ನಿಂತಿತು. ವ್ಯಾಪಾರಿ ನಮ್ಮಿಬ್ಬರ ಮುಖ ನೋಡಿ, "ನಿಮ್ಮನೆ ಮಾತು ಮುಗಿಸ್ಕಳ್ಳಿ, ಆಮೇಲೆ ಹೇಳಿಕಳ್ಸಿ" ಎಂದು ಹೆಗಲ ಮೇಲಿನ ಟವೆಲು ಕೊಡವಿಕೊಂಡು ಹೊರಟುಹೋದ.

ಅಣ್ಣ ಹೊಡೆಯುತ್ತಾನೆ ಎಂದುಕೊಂಡಿದ್ದೆ. ಅವನು ಹೇಳಿದ್ದು ಒಂದೇ ಮಾತು: "ತೆಗಿ."

ಕಾರ್ಬುರೇಟರು ಇಳಿಸಿ, ಎರಡೂ ನಟ್ಟು ಸಡಿಲಿಸಿ, ಕೊಳವೆ ಹೊರಗೆಳೆದು ಬಳೆಯನ್ನು ಅವನ ಕೈಗೆ ಕೊಟ್ಟೆ. ಅವನು ಕೂತು ನೂಲು ಬಿಚ್ಚಿದ. ಅರಗು ಹಿಡಿದಿದ್ದರಿಂದ ಸುಲಭವಾಗಿ ಬರುತ್ತಿರಲಿಲ್ಲ. ಉಗುರಿನಿಂದ ಎಬ್ಬಿಸಿ, ಎಳೆ ಎಳೆಯಾಗಿ, ತುಂಬ ಹೊತ್ತು ಬಿಚ್ಚಿದ. ಕೊನೆಗೆ ಹಿತ್ತಾಳೆ ಕಂಡಿತು. ಸೀಳಿನೊಳಗೆ ಅರಗು ಇಳಿದು ಕೆಂಪು ಗೆರೆಯಾಗಿತ್ತು. ಹಿಸುಕಿ ನೋಡಿದ.

"ಚೆನ್ನಾಗಿ ಸುತ್ತೀಯ" ಎಂದ.

ಅವತ್ತೇ ಎರಡೂ ಬಳೆಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬೆಂಗಳೂರಿಗೆ ಹೋದ. ನಾನು ಹೋಗುತ್ತೇನೆ ಎಂದೆ. ಬೇಡ ಎಂದ. ಕಲಾಸಿಪಾಳ್ಯದ ಲೇತಿನವನ ಹತ್ತಿರ ಕೆಲಸ ತುಂಬ ಇತ್ತಂತೆ. ಅಂಗಡಿಯ ಮುಂದೆಯೇ ಮಲಗಿ, ಮರುದಿನ ಕಡೆಸಿಕೊಂಡು ತಂದ. ಹೊಸ ಬಳೆಗಳು ಮದುವೆ ಬಳೆಯ ಹಾಗೆ ಹೊಳೆಯುತ್ತಿದ್ದವು.

ಕೂರಿಸುವಾಗ ಇಬ್ಬರೂ ಇದ್ದೆವು. ಸಿಲಿಂಡರಿನ ಬಾಯಿಯನ್ನು ಬಟ್ಟೆಯಿಂದ ಒರೆಸಿ, ಅಲ್ಲಿ ಹಳೆಯ ಅರಗಿನ ಚೂರು ಉಳಿಯದ ಹಾಗೆ ನಾನು ಕೆರೆದೆ. ಅವನು ಬಳೆ ತೂರಿಸಿದ. ನಟ್ಟುಗಳನ್ನು ಕೈಯಲ್ಲಿ ಓಡಿಸಿದ. ಕೊಳವೆ ನೆಟ್ಟಗೆ ನಿಂತಿದೆಯೇ ಎಂದು ಮುಂದಿನಿಂದಲೂ ಹಿಂದಿನಿಂದಲೂ ಕಣ್ಣು ಕಿರಿದು ಮಾಡಿ ನೋಡಿದ. ನಾನು ಪಾನಾ ಚಾಚಿದೆ. ಇಸಕೊಂಡು ತಾನೇ ಬಿಗಿದ, ಮುಂದಿನದು ಸ್ವಲ್ಪ, ಹಿಂದಿನದು ಸ್ವಲ್ಪ. ಆ ಪಾನಾದಲ್ಲಿ ಅವನ ಕೈ ಪಳಗಿರಲಿಲ್ಲ. ಜಾರಿ ಬೆರಳ ಗೆಣ್ಣು ಕಿತ್ತು ರಕ್ತ ಬಂತು. ನಾನು ಕೈ ಮುಂದೆ ಮಾಡಿದೆ. "ಇರ್ಲಿ" ಎಂದು ಬೆರಳನ್ನು ಬಾಯಲ್ಲಿಟ್ಟುಕೊಂಡು ಮತ್ತೆ ಬಿಗಿದ.

ಎಂಜಿನ್ನು ಶುರುವಾಯಿತು. ಎಣ್ಣೆ ಡಬ್ಬಿ ತೆಗೆದುಕೊಂಡು ಎರಡೂ ಕಡೆ ಬಿಟ್ಟ. ಸದ್ದು ಅಲುಗಲಿಲ್ಲ. ಊರ ಹೊರಗೆ ಓಡಿಸಿಕೊಂಡು ಬಂದು, ತಣಿಯಲು ಬಿಟ್ಟು, ಮತ್ತೆ ಒಂದು ಎಳೆತ ಬಿಗಿದ. ಮತ್ತೆ ಶುರು ಮಾಡಿದಾಗಲೂ ಸದ್ದು ಸಮವಾಗಿತ್ತು.

ಯಾಕೆ ಹೀಗೆ ಮಾಡಿದೆ ಎಂದು ಅವನು ಕೇಳುತ್ತಾನೆ ಅಂತ ನಾನು ಕಾಯುತ್ತಿದ್ದೆ. ಹೇಳುವುದನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದೆ. ಮರುದಿನ ಬೆಳಗ್ಗೆ ಹೊರಡುವಾಗಲೂ ಅವನು ಕೇಳಲಿಲ್ಲ. ಹಾಸಿಗೆ ಸುರುಳಿಯನ್ನು ಗಾಡಿಯ ಹಿಂದೆ ಕಟ್ಟಿ, "ಹೊತ್ತೊತ್ತಿಗೆ ಉಣ್ಣು" ಎಂದು ಹೇಳಿ ದಾಬಸ್‌ಪೇಟೆಯ ದಾರಿ ಹಿಡಿದು ಹೋದ. ಗಾಡಿಯ ಸದ್ದು ಕೆರೆ ಏರಿಯ ಆಚೆಗೂ ಕೇಳುತ್ತಿತ್ತು. ಒಂದು ಸೀನೂ ಇರಲಿಲ್ಲ.

ಅವನು ಗಣಿ ತಲುಪುವ ಹೊತ್ತಿಗೆ ಮೊದಲ ತಾರೀಕು ದಾಟಿತ್ತು. ಟಪಾಲಿನ ಕೆಲಸಕ್ಕೆ ಬೇರೊಬ್ಬನನ್ನು ಇಟ್ಟುಕೊಂಡಿದ್ದರು. ದೂರ ಬಂದವನನ್ನು ಹಿಂದಕ್ಕೆ ಕಳಿಸಬಾರದೆಂದು ಅದಿರು ತುಂಬುವವರ ಜೊತೆ ಹಾಕಿದರು. ಒಂದು ವರ್ಷಕ್ಕೂ ಮೇಲೆ ತಲೆಯ ಮೇಲೆ ಬುಟ್ಟಿ ಹೊತ್ತ. ಆಮೇಲೆ ಆ ಇನ್ನೊಬ್ಬ ಬಿಟ್ಟುಹೋದಾಗ ಗಾಡಿಯ ಕೆಲಸ ಸಿಕ್ಕಿತು. ಇದೆಲ್ಲ ನನಗೆ ತಿಳಿದದ್ದು ಗಣಿಯಿಂದ ಊರಿಗೆ ಬಂದಿದ್ದ ಒಬ್ಬ ಕೂಲಿಯಿಂದ. ಅಣ್ಣ ಹೇಳಲಿಲ್ಲ.

ಅವನು ನನ್ನನ್ನು ಬಿಟ್ಟುಬಿಡಲಿಲ್ಲ. ಇದನ್ನೂ ಬರೆಯಬೇಕು. ವರ್ಷಕ್ಕೊಮ್ಮೆ ಅಮ್ಮನ ತಿಥಿಗೆ ತಪ್ಪದೆ ಬರುತ್ತಿದ್ದ, ಗಾಡಿಯ ಮೇಲೆಯೇ. ಎಡೆ ಇಡುವಾಗ ಪಕ್ಕದಲ್ಲಿ ಕೂರುತ್ತಿದ್ದ. ನನ್ನ ಆರೋಗ್ಯ ಕೇಳುತ್ತಿದ್ದ, ಮದುವೆಯಾಗು ಎನ್ನುತ್ತಿದ್ದ, ಎದುರುಮನೆಯ ಅಜ್ಜಿ ಇರುವವರೆಗೂ ಅವರಿಗೆ ಎಲೆ ಅಡಿಕೆ ತರುತ್ತಿದ್ದ. ಮಾತು, ನಗು ಎಲ್ಲ ಇತ್ತು. ಆದರೆ ಬೀದಿಗೆ ಗಾಡಿ ತರುತ್ತಿರಲಿಲ್ಲ. ಅಷ್ಟು ಹೊತ್ತಿಗೆ ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಇನ್ನೊಬ್ಬ ಮೋಟಾರ್ ರಿಪೇರಿ ಅಂಗಡಿ ಇಟ್ಟಿದ್ದ. ಅಲ್ಲಿ ಗಾಡಿ ಬಿಟ್ಟು, ಹಾಸಿಗೆ ಸುರುಳಿ ಹೆಗಲಿಗೇರಿಸಿಕೊಂಡು ನಡೆದು ಬರುತ್ತಿದ್ದ. ನಾನೂ ಆಗ ಮೋಟಾರ್ ಸೈಕಲ್ ಕೆಲಸ ಚೆನ್ನಾಗಿ ಕಲಿತಿದ್ದೆ. ದೇವನಹಳ್ಳಿ, ಬೂದಿಗೆರೆ ಕಡೆಯಿಂದಲೂ ಜನ ನನ್ನ ಹತ್ತಿರ ಗಾಡಿ ತರುತ್ತಿದ್ದರು. ಅದು ಅವನಿಗೆ ಗೊತ್ತಿತ್ತು.

ಒಂದು ವರ್ಷ ಗಾಡಿ ಊರೊಳಗೆ ಬರುವ ಸದ್ದು ನನಗೆ ಮನೆಯಲ್ಲೇ ಕೇಳಿತು. ಏರುತ್ತಿತ್ತು, ಇಳಿಯುತ್ತಿತ್ತು. ಬಸ್ ಸ್ಟ್ಯಾ‌ಂಡಿನ ಹತ್ತಿರ ನಿಂತಿತು. ಸ್ವಲ್ಪ ಹೊತ್ತಿಗೆ ಅಣ್ಣ ನಡೆದು ಬಂದ. ಕೈಕಾಲು ತೊಳೆದು ಊಟಕ್ಕೆ ಕೂತ. ಮುದ್ದೆಯ ಮೇಲೆ ಸಾರು ಬಿಡುತ್ತ ನಾನು ಹೇಳಿದೆ:

"ಗಾಡಿ ಗಾಳಿ ಎಳೀತಾ ಐತಣ್ಣ. ಮ್ಯಾನಿಫೋಲ್ಡ್ ಬಳೆ ಸವೆದಿರ್ಬೇಕು."

"ಹೂಂ, ಗೊತ್ತು. ಅಲ್ಲಿ ಹೇಳಿ ಬಂದಿದೀನಿ" ಎಂದ.

ಆಮೇಲೆ ತಟ್ಟೆಯನ್ನು ಸ್ವಲ್ಪ ನನ್ನ ಕಡೆಗೆ ಸರಿಸಿ, "ಸಾರು ಚೆನ್ನಾಗೈತೆ, ಇನ್ನೊಂದು ಸೌಟು ಬಿಡು" ಎಂದ. ನಾನು ಬಿಟ್ಟೆ.